ಸೈನಿಕನ ಎರಡನೆಯ ಬದುಕು

ಸೈನಿಕನೆಂದೊಡನೆ ಹಿಮ ಸುರಿಯುವ ಗಡಿಯಲ್ಲಿ ಬಂದೂಕು ಹಿಡಿದು ನಿಂತ ವೀರನೊಬ್ಬನ ಚಿತ್ರ ನಮ್ಮ ಕಣ್ಣ ಮುಂದೆ ಮೂಡುತ್ತದೆ. ಗಣರಾಜ್ಯೋತ್ಸವದ ದಿನ ಅವನ ಪಥಸಂಚಲನವನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ಯುದ್ಧದ ಸುದ್ದಿ ಬಂದಾಗ ಅವನಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಆ ಸೈನಿಕನು ಸಮವಸ್ತ್ರವನ್ನು ಕಳಚಿ, ಟ್ರಂಕನ್ನು ಹೊತ್ತು ಊರಿಗೆ ಮರಳಿದ ಮೇಲೆ ಏನು ಮಾಡುತ್ತಾನೆ ಎಂಬುದನ್ನು ನಾವು ಯೋಚಿಸುವುದು ಅಪರೂಪ.

ಸೇನೆಗೆ ಬೇಕಾದುದು ತಾರುಣ್ಯ. ಬೆಟ್ಟವನ್ನೇರುವ ಕಾಲು, ಚಳಿಯನ್ನು ತಡೆಯುವ ಎದೆ, ನಿದ್ದೆಗೆಟ್ಟರೂ ಮಂಕಾಗದ ಕಣ್ಣು ಅಲ್ಲಿ ಅವಶ್ಯಕ. ಆದಕಾರಣ ಹದಿನೆಂಟು ಇಪ್ಪತ್ತರ ಹರೆಯದಲ್ಲಿ ಸೇನೆಗೆ ಸೇರಿದ ಸಾಮಾನ್ಯ ಸಿಪಾಯಿಯು ಹದಿನೈದು ಹದಿನೇಳು ವರ್ಷಗಳ ಸೇವೆಯನ್ನು ಮುಗಿಸಿ, ನಲವತ್ತು ತುಂಬುವ ಮೊದಲೇ ನಿವೃತ್ತನಾಗುತ್ತಾನೆ. ಕಚೇರಿಯ ನೌಕರನು ಜೀವನದಲ್ಲಿ ನೆಲೆಯೂರುವ ವಯಸ್ಸಿಗೆ ಸೈನಿಕನ ಮೊದಲನೆಯ ವೃತ್ತಿ ಮುಗಿದಿರುತ್ತದೆ. ಆಗ ಅವನ ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ತಂದೆತಾಯಿಗಳು ಮುಪ್ಪಿನಲ್ಲಿರುತ್ತಾರೆ, ಮನೆಯ ಗೋಡೆ ಅರ್ಧಕ್ಕೆ ನಿಂತಿರುತ್ತದೆ. ನಿವೃತ್ತಿ ವೇತನ ಬರುವುದಾದರೂ ಅದೊಂದರಿಂದಲೇ ಸಂಸಾರದ ರಥ ಸಾಗುವುದು ಕಷ್ಟ. ನಮ್ಮ ದೇಶದಲ್ಲಿ ಪ್ರತಿ ವರ್ಷವೂ ಸುಮಾರು 60,000 ಮಂದಿ ಹೀಗೆ ಸೇನೆಯಿಂದ ಹೊರಬರುತ್ತಾರೆ. ಇವರಲ್ಲಿ ಹಲವರು ಮತ್ತೊಂದು ನೌಕರಿಯನ್ನು ಹುಡುಕುತ್ತಾರೆ. ಕೆಲವರು ಮಾತ್ರ ‘ನನ್ನದೇ ಆದ ಒಂದು ಉದ್ಯಮವನ್ನು ಕಟ್ಟುತ್ತೇನೆ’ ಎಂದು ಹೊರಡುತ್ತಾರೆ. ಈ ಕೆಲವರ ಹಾದಿಯನ್ನು, ಅವರಿಗೆ ಬೇಕಾದ ಮಾರ್ಗದರ್ಶನವನ್ನು ಕುರಿತು ತಿಳಿಯುವುದು ಅಗತ್ಯ.

ಹೋರಾಡಿದವನ ಬಾಳಿಗೆ ನೆಲೆ ಕಲ್ಪಿಸಬೇಕೆಂಬ ಭಾವನೆ ಹೊಸದೇನೂ ಅಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ‘ಬಾಳ್ಗಳ್ಚು’, ‘ನೆತ್ತರುಗೊಡಗೆ’ ಎಂಬ ಮಾತುಗಳು ಬರುತ್ತವೆ. ಮೊದಲನೆಯದು ಗೆದ್ದು ಬಂದ ವೀರನ ಕತ್ತಿಯನ್ನು ತೊಳೆದು ಕೊಡುತ್ತಿದ್ದ ಭೂಮಿ. ಎರಡನೆಯದು ಮಡಿದ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ದೊರೆ ಬೂತುಗನು ಬಾಳ್ಗಳ್ಚಾಗಿ ಊರುಗಳನ್ನು ಕೊಟ್ಟ ಸಂಗತಿಯನ್ನು ಹತ್ತನೆಯ ಶತಮಾನದ ಆತಕೂರಿನ ಶಾಸನವು ಸಾರುತ್ತದೆ. ಅಂದಿನ ಬದುಕಿಗೆ ಭೂಮಿಯೇ ಆಧಾರವಾಗಿತ್ತು. ಆದುದರಿಂದ ಭೂಮಿಯನ್ನು ಕೊಟ್ಟರೆ ಬದುಕನ್ನೇ ಕೊಟ್ಟಂತಾಗುತ್ತಿತ್ತು. ಇಂದು ಹಂಚಲು ಅಷ್ಟು ಭೂಮಿಯೂ ಇಲ್ಲ, ಭೂಮಿಯೊಂದೇ ಬದುಕಿನ ದಾರಿಯೂ ಅಲ್ಲ. ಈಗ ಕೊಡಬೇಕಾದುದು ವಿದ್ಯೆ, ಸಾಲ ಮತ್ತು ಮಾರ್ಗದರ್ಶನ.

ಈ ಬದಲಾವಣೆಯನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ತೋರಿಸಿಕೊಟ್ಟ ದೇಶಗಳಲ್ಲಿ ಅಮೆರಿಕವು ಮುಖ್ಯವಾದುದು. ಎರಡನೆಯ ಮಹಾಯುದ್ಧವು ಇನ್ನೂ ಮುಗಿಯುವ ಮೊದಲೇ, 1944ರಲ್ಲಿ, ಅಲ್ಲಿಯ ಸರಕಾರವು ಒಂದು ಕಾನೂನನ್ನು ಮಾಡಿತು. ಮರಳಿ ಬರುವ ಸೈನಿಕರಿಗೆ ಓದಲು ಹಣ, ಮನೆ ಕಟ್ಟಲು, ಬೇಸಾಯ ಮಾಡಲು, ವ್ಯಾಪಾರ ಹೂಡಲು ಬ್ಯಾಂಕಿನ ಸಾಲಕ್ಕೆ ಸರಕಾರದ ಜಾಮೀನು ಇವೆಲ್ಲವನ್ನೂ ಅದು ಒದಗಿಸಿತು. ಆದರೆ ಸಾಲ ದೊರೆತ ಮಾತ್ರಕ್ಕೆ ವ್ಯಾಪಾರವು ನಡೆಯುವುದಿಲ್ಲವೆಂಬುದು ಕಾಲಕ್ರಮದಲ್ಲಿ ಗೊತ್ತಾಯಿತು. 1964ರಲ್ಲಿ ಆ ದೇಶದಲ್ಲಿ ‘ಸ್ಕೋರ್’ ಎಂಬ ಸಂಸ್ಥೆಯು ಹುಟ್ಟಿತು. ವ್ಯಾಪಾರ ಉದ್ಯಮಗಳಲ್ಲಿ ನುರಿತ ಹಿರಿಯರು ಹೊಸಬರ ಪಕ್ಕದಲ್ಲಿ ಕುಳಿತು, ಸಂಭಾವನೆಯಿಲ್ಲದೆ ಬುದ್ಧಿ ಹೇಳುವುದೇ ಅದರ ಕಾರ್ಯ. ಮಾಜಿ ಸೈನಿಕರೂ ಇದರ ಪ್ರಯೋಜನವನ್ನು ಪಡೆಯುತ್ತಾರೆ. 2007ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯವು ಯುದ್ಧದಲ್ಲಿ ಅಂಗವಿಕಲರಾದ ಯೋಧರಿಗೆಂದೇ ಉದ್ಯಮ ತರಬೇತಿಯೊಂದನ್ನು ಆರಂಭಿಸಿತು.

ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ಹಲವು ಸಂಸ್ಥೆಗಳಿವೆ. ಕನ್ನಡಿಗರು ನೆನೆಯಬೇಕಾದ ಹೆಸರು ಕೊಡಗಿನ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಅವರದು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಅವರು, ನಿವೃತ್ತರಾದ ಮೇಲೂ ಸೈನಿಕರನ್ನು ಮರೆಯಲಿಲ್ಲ. ಮಾಜಿ ಸೈನಿಕರ ಅಖಿಲ ಭಾರತ ಸಂಘಟನೆಯನ್ನು ಕಟ್ಟುವುದರಲ್ಲಿ ಅವರು ಮುಂದಾಳಾದರು. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಧ್ವಜ ದಿನವನ್ನು ಆಚರಿಸಿ, ಸೈನಿಕರ ಮತ್ತು ಅವರ ಕುಟುಂಬದವರ ಕಲ್ಯಾಣಕ್ಕಾಗಿ ನಿಧಿಯನ್ನು ಕೂಡಿಸಲಾಗುತ್ತಿದೆ. ಶಾಲೆಗಳಲ್ಲಿ ಮಕ್ಕಳು ಕೊಳ್ಳುವ ಪುಟ್ಟ ಕಾಗದದ ಬಾವುಟದ ಹಣ ಸೇರುವುದು ಈ ನಿಧಿಗೇ. 2004ರಲ್ಲಿ ರಕ್ಷಣಾ ಸಚಿವಾಲಯದಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆಯು ರೂಪುಗೊಂಡಿತು. ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯ, ರಾಜ್ಯಗಳ ಸೈನಿಕ ಕಲ್ಯಾಣ ಇಲಾಖೆಗಳು, ಜಿಲ್ಲೆಗಳಲ್ಲಿರುವ ಸೈನಿಕ ಕಲ್ಯಾಣ ಕಚೇರಿಗಳು ಒಂದೇ ಸರಪಣಿಯ ಕೊಂಡಿಗಳಂತೆ ಕೆಲಸ ಮಾಡುತ್ತವೆ. ಭದ್ರತಾ ಸಂಸ್ಥೆ, ಕಲ್ಲಿದ್ದಲಿನ ಸಾಗಣೆ, ಪೆಟ್ರೋಲ್ ಮತ್ತು ಅಡುಗೆ ಅನಿಲದ ವಿತರಣೆ, ಹಾಲಿನ ಮಳಿಗೆ ಮೊದಲಾದವುಗಳಲ್ಲಿ ಮಾಜಿ ಸೈನಿಕರಿಗೆ ಅವಕಾಶ ಕಲ್ಪಿಸುವ ಯೋಜನೆಗಳು ಇವುಗಳ ಮೂಲಕ ರೂಪುಗೊಂಡಿವೆ. ನಿವೃತ್ತಿಗೆ ಮುಂಚೆಯೇ ಸೈನಿಕರಿಗೆ ಹೊಸ ಕಸುಬುಗಳ ತರಬೇತಿಯನ್ನು ಕೊಡಲಾಗುತ್ತದೆ. ಅಧಿಕಾರಿಗಳಿಗಾಗಿ ಅಹಮದಾಬಾದ್, ಲಖನೌ, ಇಂದೋರ್ ಮೊದಲಾದ ಕಡೆಗಳ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಗಳಲ್ಲಿ ತಿಂಗಳುಗಟ್ಟಲೆಯ ಶಿಕ್ಷಣವನ್ನು ಏರ್ಪಡಿಸಲಾಗಿದೆ.

ಸೈನಿಕನಿಗೆ ಇಷ್ಟೊಂದು ಮಾರ್ಗದರ್ಶನ ಏಕೆ ಬೇಕು? ಶಿಸ್ತು, ಧೈರ್ಯ, ಶ್ರಮ ಮೂರೂ ಉಳ್ಳವನು ತಾನಾಗಿಯೇ ಗೆಲ್ಲಲಾರನೆ? ಈ ಪ್ರಶ್ನೆಯು ಸಹಜವಾದುದು. ಸೈನಿಕ ಜೀವನವು ಉದ್ಯಮಕ್ಕೆ ಬೇಕಾದ ಹಲವು ಗುಣಗಳನ್ನು ಬೆಳೆಸುತ್ತದೆ ಎಂಬುದು ನಿಜ. ಹೊತ್ತಿಗೆ ಸರಿಯಾಗಿ ಏಳುವುದು, ಹೇಳಿದ ಹೊತ್ತಿಗೆ ಕೆಲಸ ಮುಗಿಸುವುದು, ಹತ್ತು ಜನರನ್ನು ಒಟ್ಟುಗೂಡಿಸಿ ನಡೆಸುವುದು, ಎದುರಾದ ಕಷ್ಟಕ್ಕೆ ಹೆದರದಿರುವುದು ಅವನಿಗೆ ರೂಢಿಯಾಗಿರುತ್ತವೆ. ವಾಹನ ದುರಸ್ತಿ, ವಿದ್ಯುತ್ತು, ದೂರಸಂಪರ್ಕ, ದಾಸ್ತಾನಿನ ನಿರ್ವಹಣೆ, ಅಡುಗೆ, ಶುಶ್ರೂಷೆ ಹೀಗೆ ಯಾವುದಾದರೊಂದು ಕಸುಬಿನಲ್ಲಿ ಅವನು ಪಳಗಿರುತ್ತಾನೆ.

ಆದರೆ ಅದೇ ಜೀವನವು ಅವನನ್ನು ಕೆಲವು ವಿಷಯಗಳಿಂದ ದೂರವಿರಿಸಿರುತ್ತದೆ. ಸೇನೆಯಲ್ಲಿ ಊಟ, ಉಡುಪು, ವಸತಿ, ಔಷಧ ಎಲ್ಲವೂ ಒದಗಿ ಬರುತ್ತವೆ. ಅಕ್ಕಿಯ ಬೆಲೆ ಎಷ್ಟು, ಅಂಗಡಿಯ ಬಾಡಿಗೆ ಎಷ್ಟು ಎಂದು ಅವನು ಕೇಳಬೇಕಾಗಿರಲಿಲ್ಲ. ಅಲ್ಲಿ ಮೇಲಿನವರ ಆಜ್ಞೆಯನ್ನು ಪಾಲಿಸಿದರೆ, ಕೆಳಗಿನವರಿಗೆ ಆಜ್ಞೆ ಮಾಡಿದರೆ ಕಾರ್ಯವು ನಡೆಯುತ್ತಿತ್ತು. ಪೇಟೆಯಲ್ಲಿ ಗಿರಾಕಿಗೆ ಯಾರೂ ಆಜ್ಞೆ ಮಾಡಲಾರರು; ಅವನನ್ನು ಒಲಿಸಿಕೊಳ್ಳಬೇಕು. ಸೇನೆಯಲ್ಲಿ ಜೊತೆಗಾರನ ಮಾತಿನ ಮೇಲೆ ಪ್ರಾಣವನ್ನೇ ಒಪ್ಪಿಸುವುದುಂಟು. ಪೇಟೆಯಲ್ಲಿ ಅದೇ ನಂಬಿಕೆಯಿಂದ ಬರೆಹವಿಲ್ಲದೆ ಹಣವನ್ನು ಒಪ್ಪಿಸಿದರೆ, ಅದು ಮರಳಿ ಬರುವುದೆಂಬ ಭರವಸೆಯಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ನಿವೃತ್ತನಾದ ದಿನ ಸೈನಿಕನ ಕೈಗೆ ಉಪದಾನ, ಭವಿಷ್ಯನಿಧಿ ಮುಂತಾದ ರೂಪದಲ್ಲಿ ಒಂದು ಗಂಟು ಬರುತ್ತದೆ. ಅವನು ತನ್ನ ಜೀವಮಾನದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡಿರುವುದಿಲ್ಲ. ಇನ್ನೊಮ್ಮೆ ಕಾಣುವುದೂ ಅನುಮಾನ. ಈ ಸುದ್ದಿಯು ಊರಿನಲ್ಲಿ ಬೇಗ ಹರಡುತ್ತದೆ. ಪಾಲುದಾರಿಕೆಗೆ ಕರೆಯುವವರು, ಹಣವನ್ನು ಇಮ್ಮಡಿ ಮಾಡಿಕೊಡುವೆನೆನ್ನುವವರು, ಕೈಸಾಲ ಬೇಡುವ ನೆಂಟರು ಬಾಗಿಲಿಗೆ ಬರುತ್ತಾರೆ. ಹದಿನೇಳು ವರ್ಷಗಳ ಬೆವರಿನ ಫಲವು ಒಂದೇ ವರ್ಷದಲ್ಲಿ ಕರಗಿಹೋಗಬಹುದು. ಗುಂಡಿಗೆ ಎದೆಯೊಡ್ಡಿ ಬದುಕಿ ಬಂದವನು ತಿಳಿವಳಿಕೆಯ ಕೊರತೆಯಿಂದ ಸೋಲುವುದು ಅವನೊಬ್ಬನ ದುಃಖವಲ್ಲ. ಅದು ಸಮಾಜಕ್ಕೂ ತಲೆತಗ್ಗಿಸುವ ಸಂಗತಿ. ಮಾರ್ಗದರ್ಶಕನು ಬೇಕಾಗುವುದು ಇಂಥ ಹೊತ್ತಿನಲ್ಲಿಯೇ.

ಒಳ್ಳೆಯ ಮಾರ್ಗದರ್ಶಕನು ಉತ್ತರಗಳನ್ನು ಕೊಡುವುದಕ್ಕಿಂತ ಮೊದಲು ಪ್ರಶ್ನೆಗಳನ್ನು ಕೇಳುತ್ತಾನೆ. ಮಾಡಬೇಕೆಂದಿರುವ ಪದಾರ್ಥವನ್ನು ಕೊಳ್ಳುವವರು ಯಾರು? ಅವರು ಈಗ ಅದನ್ನು ಎಲ್ಲಿಂದ ಕೊಳ್ಳುತ್ತಿದ್ದಾರೆ? ಮೂಲಧನವೆಷ್ಟು, ದಿನನಿತ್ಯದ ಖರ್ಚಿಗೆ ಬೇಕಾದ ಹಣವೆಷ್ಟು? ಆರು ತಿಂಗಳು ಆದಾಯವೇ ಬಾರದಿದ್ದರೆ ಮನೆ ಹೇಗೆ ನಡೆಯಬೇಕು? ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದಾಗ ಕನಸು ಮತ್ತು ಲೆಕ್ಕ ಬೇರೆ ಬೇರೆಯಾಗಿ ಕಾಣತೊಡಗುತ್ತವೆ.

ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ನಿವೃತ್ತನಾದ ಹವಾಲ್ದಾರನೊಬ್ಬನು ಹೈನುಗಾರಿಕೆಯನ್ನು ಆರಂಭಿಸಲು ಬಯಸುತ್ತಾನೆ ಎಂದು ಭಾವಿಸೋಣ. ಬ್ಯಾಂಕಿನ ಸಾಲದಿಂದ ಆರು ಹಸುಗಳನ್ನು ಒಮ್ಮೆಗೇ ಕೊಳ್ಳುವುದು ಅವನ ಯೋಚನೆ. ಒಂದು ಹಸು ದಿನಕ್ಕೆ 10 ಲೀಟರ್ ಹಾಲು ಕೊಟ್ಟರೆ ಒಟ್ಟು 60 ಲೀಟರ್. ಲೀಟರಿಗೆ 35 ರೂಪಾಯಿಯೆಂದು ಹಿಡಿದರೆ ದಿನಕ್ಕೆ 2,100 ರೂಪಾಯಿ, ತಿಂಗಳಿಗೆ 63,000 ರೂಪಾಯಿ ಬರುತ್ತದೆ. ಹಸುವೊಂದಕ್ಕೆ ಹಿಂಡಿ, ಹುಲ್ಲು, ಔಷಧಗಳಿಗೆ ದಿನಕ್ಕೆ 225 ರೂಪಾಯಿಯಾದರೆ ತಿಂಗಳ ಖರ್ಚು 40,500 ರೂಪಾಯಿ. ಉಳಿದ 22,500ರಲ್ಲಿ ಬ್ಯಾಂಕಿನ ಕಂತು 12,000 ಹೋದರೂ ಕೈಯಲ್ಲಿ 10,500 ರೂಪಾಯಿ ಉಳಿಯುತ್ತದೆ. ಲೆಕ್ಕವು ಸೊಗಸಾಗಿಯೇ ಇದೆ!

ಮಾರ್ಗದರ್ಶಕನು ಇಲ್ಲಿ ಒಂದೇ ಒಂದು ಮಾತನ್ನು ಕೇಳುತ್ತಾನೆ: ‘ಹಸು ವರ್ಷವಿಡೀ ಹಾಲು ಕೊಡುತ್ತದೆಯೆ?’ ಕರು ಹಾಕುವ ಮೊದಲು ಸುಮಾರು ಎರಡು ತಿಂಗಳು ಹಸುವಿನ ಹಾಲು ಬತ್ತಿಸಬೇಕು. ಗಬ್ಬ ನಿಲ್ಲುವುದು ತಡವಾದರೆ ಬರಡು ಕಾಲ ಇನ್ನೂ ಹೆಚ್ಚುತ್ತದೆ. ಆರರಲ್ಲಿ ಎರಡು ಹಸುಗಳು ಬತ್ತಿದವೆನ್ನಿ. ಹಾಲು 40 ಲೀಟರಿಗೆ ಇಳಿಯುತ್ತದೆ. ತಿಂಗಳ ಆದಾಯ 42,000 ರೂಪಾಯಿಯಾಗುತ್ತದೆ. ಬತ್ತಿದ ಹಸುವೂ ಮೇವು ತಿನ್ನುತ್ತದೆ. ಅದಕ್ಕೆ ದಿನಕ್ಕೆ 125 ರೂಪಾಯಿಯೆಂದರೂ ಆರು ಹಸುಗಳ ತಿಂಗಳ ಖರ್ಚು 34,500 ರೂಪಾಯಿ. ಉಳಿಯುವುದು 7,500 ರೂಪಾಯಿ ಮಾತ್ರ. ಬ್ಯಾಂಕಿನ ಕಂತಿಗೇ 4,500 ರೂಪಾಯಿ ಸಾಲದು. ಮನೆಯವರೆಲ್ಲರ ದುಡಿಮೆಗೆ ಕೂಲಿಯೆಂದು ಒಂದು ಕಾಸನ್ನೂ ಈ ಲೆಕ್ಕದಲ್ಲಿ ಹಿಡಿದಿಲ್ಲ.

ಹಾಗಾದರೆ ಹೈನುಗಾರಿಕೆಯನ್ನು ಕೈಬಿಡಬೇಕೆ? ಬಿಡಬೇಕಾಗಿಲ್ಲ. ಮೊದಲು ಮೂರು ಹಸುಗಳನ್ನು ಕೊಂಡು, ಆರು ತಿಂಗಳ ಅನಂತರ ಉಳಿದ ಮೂರನ್ನು ಕೊಂಡರೆ ಎಲ್ಲವೂ ಒಟ್ಟಿಗೆ ಬತ್ತುವ ಅಪಾಯವು ತಪ್ಪುತ್ತದೆ. ಅರ್ಧ ಎಕರೆಯಲ್ಲಿ ಹಸಿರು ಮೇವನ್ನು ಬೆಳೆದರೆ ಹಿಂಡಿಯ ಖರ್ಚು ಇಳಿಯುತ್ತದೆ. ಕೆಲವು ತಿಂಗಳ ಕಂತಿಗೆ ಸಾಕಾಗುವಷ್ಟು ಹಣವನ್ನು ಬೇರೆಯಾಗಿ ತೆಗೆದಿರಿಸಿದರೆ ಬರಡು ಕಾಲವು ಹೆದರಿಸುವುದಿಲ್ಲ. ಹಸುಗಳಿಗೆ ವಿಮೆ ಮಾಡಿಸಿದರೆ ಆಕಸ್ಮಿಕ ನಷ್ಟದ ಭಯವು ಕಡಿಮೆಯಾಗುತ್ತದೆ. ಹಸುಗಳು ಅವೇ, ಮನುಷ್ಯನೂ ಅವನೇ. ಬದಲಾದುದು ಯೋಜನೆ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ಗೊತ್ತು. ಹಾಸಿಗೆ ನಿಜವಾಗಿ ಎಷ್ಟು ಉದ್ದವಿದೆಯೆಂದು ಅಳೆದು ತೋರಿಸುವುದು ಮಾರ್ಗದರ್ಶಕನ ಕೆಲಸ.

ಮಾರ್ಗದರ್ಶನವು ಉದ್ಯಮ ಆರಂಭವಾದ ದಿನಕ್ಕೆ ಮುಗಿಯಬಾರದು. ನಾಟಿ ಮಾಡಿದ ಸಸಿಗೆ ಬೇರೂರುವವರೆಗೆ ನೀರೆರೆಯಬೇಕಾದಂತೆ, ಹೊಸ ಉದ್ಯಮಕ್ಕೂ ಮೊದಲ ಒಂದೆರಡು ವರ್ಷಗಳ ಆರೈಕೆ ಅವಶ್ಯಕ. ಈ ಕ್ರಮಕ್ಕೆ ಕರ್ನಾಟಕದಲ್ಲಿಯೇ ಉತ್ತಮ ಮಾದರಿಯೊಂದಿದೆ. 1982ರಲ್ಲಿ ಧರ್ಮಸ್ಥಳದ ಸಂಸ್ಥೆಯು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಸೇರಿ ಉಜಿರೆಯಲ್ಲಿ ಗ್ರಾಮೀಣ ಯುವಕರಿಗಾಗಿ ‘ರುಡ್‌ಸೆಟ್’ ಎಂಬ ಸ್ವಉದ್ಯೋಗ ತರಬೇತಿ ಕೇಂದ್ರವನ್ನು ತೆರೆಯಿತು. ಅಲ್ಲಿ ಊಟ ವಸತಿಗಳೊಡನೆ ಅಲ್ಪಾವಧಿಯ ತರಬೇತಿಯನ್ನು ಉಚಿತವಾಗಿ ಕೊಟ್ಟು, ಅನಂತರ ಎರಡು ವರ್ಷಗಳವರೆಗೆ ಕಲಿತವರ ಬೆನ್ನಿಗೆ ನಿಂತು ವಿಚಾರಿಸುವ ಪದ್ಧತಿಯಿದೆ. ಮುಂದೆ ಕೇಂದ್ರ ಸರಕಾರವು ಇದೇ ಮಾದರಿಯನ್ನು ದೇಶದ ಜಿಲ್ಲೆ ಜಿಲ್ಲೆಗಳಿಗೂ ವಿಸ್ತರಿಸಿತು. ಇದು ಮಾಜಿ ಸೈನಿಕರಿಗೆಂದೇ ಹುಟ್ಟಿದ ಸಂಸ್ಥೆಯಲ್ಲ. ಆದರೂ ಕಲಿಸಿ ಕೈಬಿಡದೆ, ಕಾಲೂರುವವರೆಗೆ ಜೊತೆಗಿರಬೇಕೆಂಬ ಇದರ ನೀತಿಯು ಸೈನಿಕರ ಮಾರ್ಗದರ್ಶನಕ್ಕೂ ಅನ್ವಯಿಸುತ್ತದೆ.

ಸೇನೆಯಿಂದ ಬಂದು ಉದ್ಯಮವನ್ನು ಕಟ್ಟಿದವರಲ್ಲಿ ಕನ್ನಡಿಗರಿಗೆ ಪರಿಚಿತರಾದವರು ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಇವರ ತಂದೆ ಶಾಲಾ ಉಪಾಧ್ಯಾಯರು. ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನೆಗೆ ಸೇರಿ, 1971ರ ಯುದ್ಧದಲ್ಲಿ ಪಾಲ್ಗೊಂಡು, ಸುಮಾರು ಎಂಟು ವರ್ಷಗಳ ಸೇವೆಯ ಅನಂತರ ಊರಿಗೆ ಮರಳಿದರು. ಮನೆತನದ ಜಮೀನು ಹೇಮಾವತಿ ಜಲಾಶಯದಲ್ಲಿ ಮುಳುಗಿತ್ತು. ಅದಕ್ಕೆ ಬದಲಾಗಿ ಜಾವಗಲ್ಲಿನ ಬಳಿ ಪಾಳು ಭೂಮಿಯು ದೊರೆತಿತ್ತು. ಅಲ್ಲಿ ಡೇರೆ ಹಾಕಿಕೊಂಡು ಬೇಸಾಯಕ್ಕೆ ತೊಡಗಿದರು. ಹೈನುಗಾರಿಕೆ, ಕೋಳಿ ಸಾಕಣೆ ಮೊದಲಾದವನ್ನು ಪ್ರಯೋಗಿಸಿ, ಕೊನೆಗೆ ಪ್ರಕೃತಿಗೆ ಹೊಂದುವಂಥ ರೇಷ್ಮೆ ಕೃಷಿಯಲ್ಲಿ ನೆಲೆನಿಂತರು. ಈ ಸಾಧನೆಗೆ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಈ ನಡುವೆ ಹಾಸನದಲ್ಲಿ ಮೋಟಾರು ಸೈಕಲ್ಲುಗಳ ಮಾರಾಟ, ಉಪಾಹಾರ ಗೃಹ ಇವುಗಳನ್ನೂ ನಡೆಸಿದರು.

1997ರಲ್ಲಿ, ಸೇನೆಯ ವಿಮಾನ ಚಾಲಕರಾಗಿದ್ದ ಗೆಳೆಯರೊಡನೆ ಸೇರಿ ಅವರು ಹೆಲಿಕಾಪ್ಟರ್ ಸೇವೆಯನ್ನು ಆರಂಭಿಸಿದರು. 2003ರ ಆಗಸ್ಟಿನಲ್ಲಿ ಬೆಂಗಳೂರು ಹುಬ್ಬಳ್ಳಿಗಳ ನಡುವೆ ‘ಏರ್ ಡೆಕ್ಕನ್’ ವಿಮಾನ ಹಾರಿತು. ವಿಮಾನವೆಂದರೆ ಸಿರಿವಂತರ ವಾಹನವೆಂದು ಭಾವಿಸಿದ್ದ ಜನಸಾಮಾನ್ಯರೂ ಕಡಿಮೆ ದರದಲ್ಲಿ ಅದನ್ನೇರಿದರು. ಅವರ ಹಾದಿಯಲ್ಲಿ ಗೆಲುವಷ್ಟೇ ಇರಲಿಲ್ಲ. ನಷ್ಟಕ್ಕೊಳಗಾದ ಏರ್ ಡೆಕ್ಕನ್ ಕೆಲವೇ ವರ್ಷಗಳಲ್ಲಿ ಇನ್ನೊಂದು ವಿಮಾನ ಸಂಸ್ಥೆಯಲ್ಲಿ ಲೀನವಾಯಿತು. ಅನಂತರ ಹೂಡಿದ ಸರಕು ವಿಮಾನ ಸಂಸ್ಥೆಯೂ ಉಳಿಯಲಿಲ್ಲ. ಆದರೂ ಅವರು ತೋರಿದ ಹಾದಿಯಲ್ಲಿ ಅಗ್ಗದ ವಿಮಾನಯಾನವು ದೇಶದಲ್ಲಿ ಬೇರೂರಿತು. ಕೇರಳದ ಕಣ್ಣೂರಿನವರಾದ ಕ್ಯಾಪ್ಟನ್ ಸಿ. ಪಿ. ಕೃಷ್ಣನ್ ನಾಯರ್ ಅವರೂ ಸೇನೆಯನ್ನು ಬಿಟ್ಟು ಬಂದವರೇ. ಬಟ್ಟೆಯ ರಫ್ತಿನಲ್ಲಿ ಅನುಭವ ಗಳಿಸಿ, ಅರುವತ್ತು ದಾಟಿದ ಮೇಲೆ ‘ಲೀಲಾ’ ಹೋಟೆಲುಗಳನ್ನು ಕಟ್ಟಿದರು.

ಇವರ ಕಥೆಗಳನ್ನು ಕೇಳಿ ಪ್ರತಿಯೊಬ್ಬ ಸೈನಿಕನೂ ವಿಮಾನವನ್ನು ಹಾರಿಸಬೇಕೆಂದು ತಿಳಿಯಬೇಕಾಗಿಲ್ಲ. ಜಿಲ್ಲಾ ಕೇಂದ್ರದಲ್ಲಿ ಚೊಕ್ಕಟವಾಗಿ ನಡೆಯುವ ವಾಹನ ದುರಸ್ತಿ ಶಾಲೆ, ಹಳ್ಳಿಯಲ್ಲಿ ನಾಲ್ವರಿಗೆ ಕೂಲಿ ಕೊಡುವ ಹಿಟ್ಟಿನ ಗಿರಣಿ, ಲೆಕ್ಕ ತಪ್ಪದ ಒಂದು ದಿನಸಿ ಅಂಗಡಿ ಇವೂ ಗೆಲುವುಗಳೇ. ಇಂಥ ಉದ್ಯಮಗಳಲ್ಲಿ ಮನೆಯವರ ಪಾಲೂ ಹಿರಿದು. ಗಂಡನು ಗಡಿಯಲ್ಲಿದ್ದಾಗ ಮನೆ, ಹೊಲ, ಮಕ್ಕಳ ಓದು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಗೃಹಿಣಿಗೆ ಊರಿನ ಪೇಟೆಯ ಪರಿಚಯವು ಅವನಿಗಿಂತ ಹೆಚ್ಚಾಗಿರುತ್ತದೆ. ಲೆಕ್ಕಪತ್ರವನ್ನು ಅವಳ ಕೈಗೆ ಒಪ್ಪಿಸುವುದು ಹಲವು ವೇಳೆ ವಿವೇಕದ ಕಾರ್ಯ. ಆದುದರಿಂದ ತರಬೇತಿಯನ್ನು ದಂಪತಿಗಳಿಬ್ಬರಿಗೂ ಕೊಡುವುದು ಲೇಸು.

ಈ ವಿಷಯವು ಮುಂದಿನ ವರ್ಷಗಳಲ್ಲಿ ಇನ್ನಷ್ಟು ಮಹತ್ವವನ್ನು ಪಡೆಯಲಿದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಂತೆ ಸೇನೆಗೆ ಸೇರುವ ತರುಣರ ಸೇವಾವಧಿ ನಾಲ್ಕು ವರ್ಷ. ಅವರಲ್ಲಿ ಶೇಕಡಾ 25ರಷ್ಟು ಮಂದಿಯನ್ನು ಮಾತ್ರ ಸೇನೆಯಲ್ಲಿ ಉಳಿಸಿಕೊಳ್ಳುವುದೆಂದು ಯೋಜನೆಯು ಪ್ರಕಟವಾದಾಗ ಗೊತ್ತುಪಡಿಸಲಾಯಿತು. ಉಳಿದವರು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಡನೆ ಹೊರಬರುತ್ತಾರೆ; ಅವರಿಗೆ ನಿವೃತ್ತಿ ವೇತನವಿಲ್ಲ. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನಲ್ಲಿ, ಕೈಯಲ್ಲಿ ಅಷ್ಟು ಹಣವನ್ನು ಹಿಡಿದು, ಮುಂದೇನೆಂದು ನಿಲ್ಲುವ ತರುಣನಿಗೆ ಹಿರಿಯನೊಬ್ಬನ ಸಲಹೆಯು ಹಣದಷ್ಟೇ ಬೆಲೆಯುಳ್ಳದ್ದು.

ಹೀಗೆ ಮಾಜಿ ಸೈನಿಕರಿಗೆ ಉದ್ಯಮದ ಹಾದಿ ತೋರಿಸುವುದು ಸರಕಾರವೊಂದರದೇ ಹೊಣೆಯಲ್ಲ. ಬ್ಯಾಂಕಿನ ಅಧಿಕಾರಿಯು ತಾಳ್ಮೆಯಿಂದ ಸಾಲದ ಷರತ್ತನ್ನು ವಿವರಿಸಬಹುದು. ಅನುಭವಿ ವರ್ತಕನು ವಾರಕ್ಕೊಂದು ಗಂಟೆ ಅವನ ಖಾತೆ ಪುಸ್ತಕವನ್ನು ನೋಡಿಕೊಡಬಹುದು. ಊರಿನವರು ಅವನ ಅಂಗಡಿಯಲ್ಲಿ ಕೊಂಡು, ಕೊಂಡುದಕ್ಕೆ ಹೊತ್ತಿಗೆ ಸರಿಯಾಗಿ ಹಣವನ್ನು ಕೊಡಬಹುದು. ಸೈನಿಕನು ಬೇಡುವುದು ದಾನವನ್ನಲ್ಲ, ದುಡಿಯುವ ಅವಕಾಶವನ್ನು. ತನಗೆ ತಿಳಿಯದುದನ್ನು ಕೇಳಿ ಕಲಿಯುವ ವಿನಯ ಅವನಲ್ಲಿಯೂ, ತಿಳಿದುದನ್ನು ಹೇಳಿಕೊಡುವ ಔದಾರ್ಯ ಸಮಾಜದಲ್ಲಿಯೂ ಇದ್ದರೆ, ಗಡಿಯನ್ನು ಕಾದ ಕೈಗಳು ನಾಡಿನ ಒಳಗೂ ಹಲವರಿಗೆ ಅನ್ನದ ದಾರಿಯನ್ನು ತೋರಿಸಬಲ್ಲವು.